ಮಹಾದೇವಿ ಬರೆದಿದ್ದಳು

ಮೂರು ತಿಂಗಳ ಹಿಂದೆ, ಒಂದು ಸೋಮವಾರ ಬೆಳಿಗ್ಗೆ, ಹನ್ನೊಂದು ಜನರ ಎದುರಿಗೆ ನಾನೊಬ್ಬ ಹುಡುಗಿಯನ್ನು ಸುಳ್ಳುಬುರುಕಿ ಅಂತ ಸಾಬೀತು ಮಾಡಿದೆ.

ಕೂಗಾಡಲಿಲ್ಲ. ಬೈಯಲಿಲ್ಲ. ಆಫೀಸಿನ ಮರಾಠಿಯಲ್ಲಿ ಒಂದೇ ಒಂದು ವಾಕ್ಯ ಆಡಿದೆ. ‘ಲಾಗ್ ಸುಳ್ಳು ಹೇಳಲ್ಲ, ಸರ್.’

ಅಷ್ಟೇ. ಸಂಜೆಯೊಳಗೆ ಅವಳ ಕೆಲಸ ಹೋಗಿತ್ತು.

ಹುಡುಗಿಯ ಹೆಸರು ಮಹಾದೇವಿ. (ಅವಳದೇ ಹೆಸರು. ನನ್ನ ಈ ಅಂಕಣದಲ್ಲಿ ಹಾಕಲಾ ಅಂತ ಕೇಳಿದ್ದೆ. ‘ಹಾಕ್ರಿ, ನಾ ಏನ್ ಕದ್ದೀನೇನು?’ ಅಂದಳು.) ಯಾದಗಿರಿ ಕಡೆಯವರು. ಅಪ್ಪ ಗೌಂಡಿ. ಪುಣೆಯ ಯೆರವಡಾದಲ್ಲಿ ಗಾಜಿನ ಐಟಿ ಕಟ್ಟಡಗಳು ಏಳುತ್ತಿದ್ದಾಗ ಇಟ್ಟಿಗೆ ಹೊರಲು ಬಂದ ಕುಟುಂಬ, ಅಲ್ಲೇ ಹಿಂದಿನ ಗಲ್ಲಿಯಲ್ಲಿ ಉಳಿದುಕೊಂಡಿತು. ಮಹಾದೇವಿ ಕಾರ್ಪೊರೇಶನ್ನಿನ ಮರಾಠಿ ಶಾಲೆಯಲ್ಲಿ ಓದಿ, ಒಂದು ಕಂಪ್ಯೂಟರ್ ಕೋರ್ಸ್ ಮಾಡಿ, ನಮ್ಮಲ್ಲಿ ಆಪರೇಟರ್ ಆಗಿ ಸೇರಿದಳು. ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದವರಲ್ಲಿ ಇವಳೇ ಮೊದಲು.

ನಾನು? ಧಾರವಾಡದವಳು, ಪುಣೆಗೆ ಬಂದು ಇಪ್ಪತ್ತೆರಡು ವರ್ಷ. ಸದಾಶಿವ ಪೇಠದಲ್ಲಿ ಮನೆ. ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುತ್ತೇನೆ. ಕಂಪನಿಯಲ್ಲಿ ಕನ್ನಡದವರು ನಾವಿಬ್ಬರೇ. ಬೇರೆಯವರ ಎದುರು ಅವಳಿಗೆ ನಾನು ಮ್ಯಾಡಮ್. ಆಫೀಸಿಗೆ ಬಂದಾಗ ಇಬ್ಬರೇ ಚಹಾ ಕುಡಿದರೆ ಅಕ್ಕಾರು.

ನಮ್ಮ ಕಂಪನಿಯ ಒಬ್ಬ ಕ್ಲೈಂಟ್ ಊರ ಹೊರಗೆ ಔಷಧ ಇಡುವ ಕೋಲ್ಡ್ ಸ್ಟೋರೇಜ್ ನಡೆಸುತ್ತಾರೆ. ಐದು ಕೋಣೆ. ಒಳಗೆ ಇನ್ಸುಲಿನ್, ಲಸಿಕೆ, ಇಂಥವು. ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು. ಎಂಟು ದಾಟಿದರೆ ಮಾಲು ತಿಪ್ಪೆಗೆ. ಅಲ್ಲಿ ನಮ್ಮ ಕಂಪನಿ ಕಳಿಸಿದ ಮಹಾದೇವಿಯಂಥ ಆಪರೇಟರುಗಳು ಕೂತು ಗಂಟೆಗೊಮ್ಮೆ ಒಂದು ಪ್ರೋಗ್ರಾಮ್ ಓಡಿಸುತ್ತಾರೆ. ಅದು ಐದೂ ಕೋಣೆಗಳ ಟೆಂಪರೇಚರ್ ತೋರಿಸುತ್ತದೆ. ಕೊನೆಗೆ ‘ನೋಟ್?’ ಅಂತ ಕೇಳುತ್ತದೆ. ಹೇಳುವುದಿದ್ದರೆ ಬರೆಯಬೇಕು, ಇಲ್ಲದಿದ್ದರೆ ಸುಮ್ಮನೆ ಎಂಟರ್ ಒತ್ತಬೇಕು. ಪರದೆಯ ಮೇಲೆ ಬಂದದ್ದೆಲ್ಲ ಲಾಗ್ ಅನ್ನುವ ಫೈಲಿನಲ್ಲಿ ಜಮೆಯಾಗುತ್ತದೆ.

ಆ ಪ್ರೋಗ್ರಾಮ್ ಬರೆದವಳು ನಾನು. ಏಳು ವರ್ಷದ ಹಿಂದೆ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು. ಓಡಿ ಹೋಗಬೇಡಿ, ಎರಡೇ ನಿಮಿಷ.

ಚಿತ್ರವಿಲ್ಲದ, ಬರೀ ಅಕ್ಷರಗಳಿರುವ ಕಪ್ಪು ಪರದೆಯನ್ನು ಎಲ್ಲಾದರೂ ನೋಡಿರುತ್ತೀರಿ. ಅದು ಟರ್ಮಿನಲ್. ನೀವು ಅದಕ್ಕೆ ಅಕ್ಷರ ಕಳಿಸಿದರೆ ಅಕ್ಷರ ತೋರಿಸುತ್ತದೆ. ಆದರೆ ಎಸ್ಕೇಪ್ ಅಂತ ಒಂದು ಗುರುತಿದೆ, ಕಣ್ಣಿಗೆ ಕಾಣಿಸುವುದಿಲ್ಲ. ಅದನ್ನು ಮೊದಲು ಕಳಿಸಿ, ಬೆನ್ನಿಗೇ ಒಂದು ಚೌಕ ಬ್ರಾಕೆಟ್ಟು, ಒಂದು ಅಂಕಿ, ಒಂದು ಇಂಗ್ಲಿಷ್ ಅಕ್ಷರ ಕಳಿಸಿದರೆ ಟರ್ಮಿನಲ್ ಅದನ್ನು ತೋರಿಸುವುದಿಲ್ಲ. ಅಪ್ಪಣೆ ಅಂತ ತಿಳಿದು ಪಾಲಿಸುತ್ತದೆ. ಮೂವತ್ತೊಂದು ಎಮ್ ಅಂದರೆ ಮುಂದಿನದೆಲ್ಲ ಕೆಂಪು. ಮೂವತ್ತೆರಡು ಎಮ್ ಅಂದರೆ ಹಸಿರು. ಒಂದು ಎ ಅಂದರೆ ಒಂದು ಸಾಲು ಮೇಲೆ ಹೋಗು. ಎರಡು ಕೆ ಅಂದರೆ ಈ ಸಾಲನ್ನು ಪೂರ್ತಿ ಅಳಿಸು.

ನನಗೆ ಇದರ ಹುಚ್ಚು. ಪರದೆ ನೀಟಾಗಿರಬೇಕು, ಟೆಂಪರೇಚರ್ ಸರಿಯಿದ್ದರೆ ಹಸಿರಾಗಬೇಕು, ತಪ್ಪಿದ್ದರೆ ಕೆಂಪಾಗಿ ಮಿಣುಕಬೇಕು. ಆಪರೇಟರು ನೋಟ್ ಬರೆದು ಎಂಟರ್ ಒತ್ತಿದ ಮೇಲೆ ಆ ಉದ್ದ ಸಾಲು ಯಾಕೆ ಅಲ್ಲೇ ಬಿದ್ದಿರಬೇಕು? ಕೊಳಕು ಕಾಣುತ್ತದೆ. ಅದಕ್ಕೇ ಎರಡು ಅಪ್ಪಣೆ ಸೇರಿಸಿದೆ. ನೋಟ್ ಎಷ್ಟು ಸಾಲಿದೆಯೋ ಅಷ್ಟು ಸಲ, ಒಂದು ಸಾಲು ಮೇಲೆ ಹೋಗು, ಅಳಿಸು. ಆ ಜಾಗದಲ್ಲಿ ಹಸಿರು ಅಕ್ಷರದ ‘ಥ್ಯಾಂಕ್ ಯೂ’. ಡೆಮೋ ದಿನ ಎಲ್ಲರೂ ವಾಹ್ ಅಂದರು. ನಾನೂ ಹಿಗ್ಗಿದೆ.

ಆ ಅಪ್ಪಣೆಗಳೂ ಲಾಗಿನಲ್ಲಿ ಜಮೆಯಾಗುತ್ತವೆ ಅನ್ನುವುದು ಆಗ ಹೊಳೆಯಲಿಲ್ಲ. ಯಾರಾದರೂ ಲಾಗನ್ನು ಟರ್ಮಿನಲ್ಲಿನಲ್ಲಿ ತೆರೆದರೆ ಏನಾಗುತ್ತದೆ? ನೋಟ್ ಬರುತ್ತದೆ, ಅದರ ಬೆನ್ನಿಗೆ ಅಪ್ಪಣೆ ಬರುತ್ತದೆ, ನೋಟ್ ಅಳಿಸಿಹೋಗುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಫೈಲಿನಲ್ಲಿ ಇದೆ, ಆದರೆ ಪರದೆಯ ಮೇಲೆ ಇಲ್ಲ.

ಈಗ ಆ ಭಾನುವಾರಕ್ಕೆ ಬರೋಣ.

ಮಹಾದೇವಿ ಒಬ್ಬಳೇ ಡ್ಯೂಟಿಯಲ್ಲಿದ್ದಳು. ಮಧ್ಯಾಹ್ನ ಮೂರಕ್ಕೆ ಮೂರನೇ ಕೋಣೆ ಏಳು ಡಿಗ್ರಿ. ಇನ್ನೂ ಎಂಟರೊಳಗೆ, ಆದ್ದರಿಂದ ಹಸಿರು. ಆದರೆ ಬೆಳಿಗ್ಗೆ ನಾಲ್ಕಿತ್ತು. ಎದ್ದು ಹೋಗಿ ನೋಡಿದರೆ ಬಾಗಿಲಿನ ರಬ್ಬರ್ ಸಡಿಲಾಗಿದೆ, ಎಷ್ಟು ಒತ್ತಿದರೂ ಪೂರ್ತಿ ಮುಚ್ಚುತ್ತಿಲ್ಲ. ಕಂಪನಿಯ ನಿಯಮ ಏನು ಗೊತ್ತಾ? ರಜೆಯ ದಿನ ಸಣ್ಣಪುಟ್ಟದಕ್ಕೆ ಫೋನ್ ಮಾಡಬೇಡಿ. ನೋಟ್ ಬರೆಯಿರಿ, ಟೀಮ್ ಲೀಡ್ ಸಂಜೆ ಮನೆಯಿಂದಲೇ ನೋಡುತ್ತಾರೆ.

ನೋಟ್ ಬರೆದಳು. ಹಸಿರು ಥ್ಯಾಂಕ್ ಯೂ ಬಂತು. ನಾಲ್ಕಕ್ಕೆ ಡ್ಯೂಟಿ ಮುಗಿಸಿ ಮನೆಗೆ ಹೋದಳು. ಟೀಮ್ ಲೀಡ್ ಆರಕ್ಕೆ ಲಾಗ್ ತೆರೆದರು. ಎಲ್ಲ ಹಸಿರು, ನೋಟ್ ಇಲ್ಲ. ಮುಚ್ಚಿದರು. ಭಾನುವಾರ ನಾಲ್ಕರ ಮೇಲೆ ಪಾಳಿ ಇಲ್ಲ; ಎಂಟು ದಾಟಿದರೆ ಅಲಾರ್ಮ್ ಹೊಡೆಯಬೇಕು, ಹೊಡೆಯಲಿಲ್ಲ. ಸೋಮವಾರ ಬೆಳಿಗ್ಗೆ ಆ ಕೋಣೆ ಹದಿನಾಲ್ಕು ಡಿಗ್ರಿ. ಒಂದು ಕೋಣೆ ತುಂಬ ಔಷಧ ಎಸೆಯಬೇಕಾಯಿತು.

ಹನ್ನೊಂದಕ್ಕೆ ಮೀಟಿಂಗ್.

‘ನೋಟ್ ಬರೆದಿದ್ದೆ ಸರ್,’ ಅಂದಳು ಮಹಾದೇವಿ.

ಟೀಮ್ ಲೀಡ್ ಗೋಡೆಯ ದೊಡ್ಡ ಪರದೆಯ ಮೇಲೆ ಲಾಗ್ ಓಡಿಸಿದರು. ಭಾನುವಾರ, ಮೂರು ಗಂಟೆ. ಕೋಣೆ ಮೂರು, ಏಳು ಡಿಗ್ರಿ. ಅದರ ಕೆಳಗೆ ನೇರವಾಗಿ ಥ್ಯಾಂಕ್ ಯೂ.

‘ಎಲ್ಲಿದೆ? ಬರೀ ಎಂಟರ್ ಒತ್ತಿದ್ದೀಯ.’

‘ಇಲ್ಲ ಸರ್. ಎರಡು ಸಾಲು ಬರೆದಿದ್ದೆ.’

ಕಂಪನಿ ನಡೆಸುವ ಸಾಹೇಬರು ನನ್ನ ಕಡೆ ತಿರುಗಿದರು. ‘ಮ್ಯಾಡಮ್, ಪ್ರೋಗ್ರಾಮ್ ನಿಮ್ಮದು. ಬರೆದದ್ದು ಲಾಗಿನಲ್ಲಿ ಬರದೇ ಇರುವುದು ಸಾಧ್ಯವಾ?’

ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಅಳಿಸು ಅನ್ನುವ ಅಪ್ಪಣೆ ಬರೆದ ಕೈ ನನ್ನದೇ. ನೆನಪಾಗಲಿಲ್ಲ. ನೆನಪಾಗಲಿಲ್ಲವೋ, ನೆನಪು ಮಾಡಿಕೊಳ್ಳುವ ಕಷ್ಟ ತೆಗೆದುಕೊಳ್ಳಲಿಲ್ಲವೋ? ಇನ್ನೊಂದು ಪ್ರಶ್ನೆ ಕೇಳಿಕೊಂಡಿದ್ದೇನೆ, ಅದು ಇನ್ನೂ ಕಹಿ. ಬರೆದಿದ್ದೆ ಅಂದವನು ಒಬ್ಬ ಸೀನಿಯರ್ ಎಂಜಿನಿಯರ್ ಆಗಿದ್ದರೆ, ತಡೀರಿ ಸರ್, ಫೈಲ್ ಒಮ್ಮೆ ಬಿಚ್ಚಿ ನೋಡ್ತೀನಿ ಅನ್ನುತ್ತಿದ್ದೆನಲ್ಲ? ಯೆರವಡಾದ ಗೌಂಡಿಯ ಮಗಳು ಅಂದಾಗ ಯಾಕೆ ಅನ್ನಲಿಲ್ಲ?

‘ಲಾಗ್ ಸುಳ್ಳು ಹೇಳಲ್ಲ, ಸರ್,’ ಅಂದೆ.

ಮಹಾದೇವಿ ನನ್ನನ್ನು ನೋಡಿದಳು. ನಾನು ಪರದೆ ನೋಡಿದೆ.

ಮೂರು ವಾರ ಕಳೆಯಿತು. ಹೊಸ ಕ್ಲೈಂಟ್ ಒಬ್ಬರು ನಮ್ಮ ಲಾಗ್ ಹೇಗಿರುತ್ತದೆ, ಒಂದು ಸ್ಯಾಂಪಲ್ ಕಳಿಸಿ ಅಂದರು. ಶನಿವಾರ ಬೆಳಿಗ್ಗೆ ಮನೆಯಲ್ಲಿ ನನ್ನ ಯಜಮಾನರ ಲ್ಯಾಪ್‌ಟಾಪ್ ಮೇಲೆ ಒಂದು ಫೈಲ್ ತೆರೆದೆ. ಅದರಲ್ಲಿ ನೋಟ್‌ಪ್ಯಾಡ್ ಬಿಟ್ಟರೆ ಏನೂ ಇಲ್ಲ. ನೋಟ್‌ಪ್ಯಾಡ್‌ಗೆ ಈ ಅಪ್ಪಣೆಗಳು ತಿಳಿಯುವುದಿಲ್ಲ. ಕೆಂಪು ಗೊತ್ತಿಲ್ಲ, ಹಸಿರು ಗೊತ್ತಿಲ್ಲ, ಅಳಿಸುವುದಂತೂ ಗೊತ್ತೇ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ.

ನಡುನಡುವೆ ಸಣ್ಣ ಡಬ್ಬಿಯಂಥ ಗುರುತುಗಳು, ಬ್ರಾಕೆಟ್ಟುಗಳು, ಅಂಕಿಗಳು. ಅವುಗಳ ಮಧ್ಯೆ ಆಪರೇಟರುಗಳು ಬರೆದ ಸಾಲುಗಳು.

ಆ ಭಾನುವಾರದ ಫೈಲನ್ನು ಹುಡುಕಿ ತೆಗೆದೆ. ಮೂರು ಗಂಟೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮರಾಠಿ: ‘ರೂಮ್ ಮೂರರ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ರಬ್ಬರ್ ಸಡಿಲಾಗಿದೆ. ಬೆಳಿಗ್ಗೆ ನಾಲ್ಕಿತ್ತು, ಈಗ ಏಳು. ಸಂಜೆಯೊಳಗೆ ಯಾರನ್ನಾದರೂ ಕಳಿಸಿ, ಪ್ಲೀಸ್.’

ಎರಡು ಸಾಲು. ಅವಳು ಹೇಳಿದಂತೆಯೇ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ಹಳೆಯ ಫೈಲುಗಳನ್ನೆಲ್ಲ ತೆಗೆದೆ. ಬೇರೆ ಒಬ್ಬ ಆಪರೇಟರ್, ಕೆಲಸ ಬಿಟ್ಟು ಹೋದವನು, ಮೂರು ಸಲ ಬರೆದಿದ್ದ: ಅಲಾರ್ಮ್ ಬೆಲ್ ಹೊಡೆಯುತ್ತಿಲ್ಲ. (ಅಲಾರ್ಮ್ ಕೆಟ್ಟದ್ದು ಯಾರೂ ತಿಳಿಸಿರಲಿಲ್ಲ ಅಂತ ಅದೇ ಮೀಟಿಂಗಿನಲ್ಲಿ ಟೀಮ್ ಲೀಡ್ ಬೇಸರಪಟ್ಟಿದ್ದರು.) ಇನ್ನೊಬ್ಬಳು: ಲೇಡೀಸ್ ಟಾಯ್ಲೆಟ್‌ಗೆ ಚಿಲಕ ಇಲ್ಲ. ಮತ್ತೊಬ್ಬ: ಮಗಳಿಗೆ ಜ್ವರ, ಅರ್ಧ ಗಂಟೆ ಮುಂಚೆ ಹೋಗುತ್ತಿದ್ದೇನೆ. ಏಳು ವರ್ಷ ಜನ ಬರೆದೇ ಬರೆದಿದ್ದಾರೆ. ಬರೆದದ್ದಕ್ಕೆ ನನ್ನ ಪ್ರೋಗ್ರಾಮ್ ಹಸಿರು ಅಕ್ಷರದಲ್ಲಿ ಥ್ಯಾಂಕ್ಸ್ ಹೇಳಿದೆ. ‘ನಮ್ಮ ಆಪರೇಟರುಗಳು ಏನನ್ನೂ ಬರೆಯುವುದಿಲ್ಲ, ಸೋಮಾರಿಗಳು’ ಅಂತ ನಾವು ಎಸಿ ರೂಮಿನಲ್ಲಿ ಕೂತು ಮಾತಾಡಿದ್ದೇವೆ. ನಾನೂ ಆಡಿದ್ದೇನೆ.

ಸೋಮವಾರ ಆ ಪುಟದ ಪ್ರಿಂಟ್ ಹಿಡಿದು ಸಾಹೇಬರ ಕ್ಯಾಬಿನ್ನಿಗೆ ಹೋದೆ.

‘ಬಸಾ, ಮ್ಯಾಡಮ್,’ ಅಂತ ಕುರ್ಚಿ ತೋರಿಸಿದರು. ಚಹಾ ತರಿಸಿದರು. ಓದಿದರು. ಇನ್ನೊಮ್ಮೆ ಓದಿದರು.

‘ಕ್ಲೈಂಟ್‌ಗೆ ರಿಪೋರ್ಟ್ ಹೋಗಿಬಿಟ್ಟಿದೆಯಲ್ಲ. ಹ್ಯೂಮನ್ ಎರರ್ ಅಂತ.’

‘ಆದರೆ ಸರ್, ಎರರ್ ಅವಳದ್ದಲ್ಲ. ನನ್ನದು.’

‘ನಿಮ್ಮದು ಅಂದರೆ ಕಂಪನಿಯದು. ಈಗ ಸಾಫ್ಟ್‌ವೇರೇ ತಪ್ಪು ಅಂದರೆ ಕಾಂಟ್ರ್ಯಾಕ್ಟ್ ಉಳಿಯುತ್ತಾ? ನೀವು ಸದ್ದಿಲ್ಲದೆ ಸರಿಮಾಡಿಬಿಡಿ. ಆ ಹುಡುಗಿಗೆ ಇನ್ನೂ ವಯಸ್ಸಿದೆ, ಎಲ್ಲಾದರೂ ಸಿಗುತ್ತದೆ.’

ಸಾಫ್ಟ್‌ವೇರ್ ಬರೆದವಳೂ ಹ್ಯೂಮನ್ನೇ ಅಲ್ಲವಾ ಸರ್, ಅನ್ನಬೇಕಿತ್ತು. ಅದು ಹೊಳೆದದ್ದು ಮನೆಗೆ ಹೋಗುವ ರಿಕ್ಷಾದಲ್ಲಿ. (ಒಳ್ಳೆಯ ಮಾತುಗಳೆಲ್ಲ ನನಗೆ ರಿಕ್ಷಾದಲ್ಲೇ ಹೊಳೆಯುವುದು.) ಅವತ್ತು ಸರಿಮಾಡಲು ಎಷ್ಟು ಹೊತ್ತು ಹಿಡಿಯಿತು ಗೊತ್ತಾ? ಪ್ರೋಗ್ರಾಮಿನಿಂದ ಒಂದು ಸಾಲು ತೆಗೆದೆ. ನಿಮಿಷವೂ ಆಗಲಿಲ್ಲ.

ಮುಂದಿನ ಭಾನುವಾರ ಯೆರವಡಾಕ್ಕೆ ಹೋದೆ. ಒಂದೂವರೆ ಕೋಣೆಯ ಮನೆ. ಮಹಾದೇವಿ ಈಗ ಪಾರ್ಸೆಲ್ ಗೋಡೌನಿನಲ್ಲಿ ಡಬ್ಬಗಳಿಗೆ ಟೇಪ್ ಸುತ್ತುತ್ತಾಳೆ. ಕಂಪ್ಯೂಟರ್ ಕೆಲಸಕ್ಕೆ ಎಲ್ಲಿ ಹೋದರೂ ಹಿಂದಿನದನ್ನು ಯಾಕೆ ಬಿಟ್ಟೆ ಅಂತ ಕೇಳುತ್ತಾರೆ. ಇವಳಿಗೆ ಸುಳ್ಳು ಹೇಳಲು ಬರುವುದಿಲ್ಲ.

‘ನೀ ಬರದಿದ್ದಿ, ಮಹಾದೇವಿ. ಫೈಲಿನ್ಯಾಗ ಅದ. ನಾ ಕಣ್ಣಾರೆ ನೋಡೀನಿ,’ ಅಂದೆ.

‘ನಾ ಬರದದ್ದು ನನಗ ಗೊತ್ತಿರಂಗಿಲ್ಲೇನ್ರಿ?’ ಅಂದಳು. ದನಿ ಏರಲಿಲ್ಲ.

ಅವಳ ತಾಯಿ ಒಲೆಯ ಮುಂದಿನಿಂದ ಎದ್ದು ಬಂದರು. ‘ಗೊತ್ತಿತ್ತಂತ ಸುಳ್ಳ ಹೇಳ್ತಾಳ್ರಿ ಅಕ್ಕಾರ. ದಿನಾ ನನಗ ಕೇಳಾಕಿ, ಯವ್ವಾ, ನಾ ಖರೇನ ಬರದಿದ್ನೋ ಇಲ್ಲೋ, ನನಗ ಹುಚ್ಚ ಹಿಡದದೇನು ಅಂತ. ನನಗ ಓದಾಕ ಬರಾಂಗಿಲ್ಲ, ಬರಿಯಾಕ ಬರಾಂಗಿಲ್ಲ. ನಾ ಏನಂತ ಹೇಳ್ಲಿರಿ?’

ನಾನು ಮಹಾದೇವಿಯ ಕಡೆ ತಿರುಗಿದೆ.

‘ತಪ್ಪಾತವಾ,’ ಅಂದೆ.

‘ಆ ಹನ್ನೊಂದ ಮಂದ್ಯಾಗ ನಮ್ಮ ಮಾತ ಆಡಾಕಿ ನೀವೊಬ್ಬರ ಇದ್ರಿ,’ ಅಂದಳು. ‘ನಾ ಬ್ಯಾರೆ ಯಾರ ಮಾರಿನೂ ನೋಡ್ಲಿಲ್ರಿ. ನಿಮ್ಮದ ನೋಡಿದ್ದೆ.’

ಏನು ಮಾಡಲಿ ಹೇಳು ಅಂದೆ. ಬರೆದು ಕೊಡ್ರಿ, ಅಂದಳು.

ನಾಲ್ಕು ದಿನ ತೆಗೆದುಕೊಂಡೆ. ನನ್ನ ನೌಕರಿ, ಮಗಳ ಕಾಲೇಜು, ಎಲ್ಲ ಲೆಕ್ಕ ಹಾಕಿದೆ. ಆಮೇಲೆ ಇಂಗ್ಲಿಷಿನಲ್ಲಿ ಒಂದು ಚೆಂದದ ಪತ್ರ ಬರೆದೆ. ತಾಂತ್ರಿಕ ಮಿತಿಯ ಕಾರಣದಿಂದ ಸದರಿ ಟಿಪ್ಪಣಿಯು ಪ್ರದರ್ಶಿತವಾಗದೇ ಇದ್ದಿರಬಹುದು, ಅನ್ನುವ ಧಾಟಿ. ಗುರುವಾರ ಗೋಡೌನಿನ ಗೇಟಿನ ಹತ್ತಿರ ಅವಳ ಕೈಗೆ ಕೊಟ್ಟೆ.

ನಿಂತಲ್ಲೇ ನಿಧಾನವಾಗಿ, ಬೆರಳಿಟ್ಟು ಓದಿದಳು.

‘ಇರಬಹುದು ಅಂದ್ರ? ಇರಬಹುದೋ, ಅದನೋ?’

‘ಅದ.’

‘ಮತ್ತ ಅಳಿಸಿದ್ದ ಯಾರು ಅಂತ ಇದರಾಗ ಇಲ್ಲಲ್ರಿ?’

ಪತ್ರ ಮಡಚಿ ವಾಪಸು ಕೊಟ್ಟಳು. ಊಟದ ಬಿಡುವು ಮುಗಿಯಿತು ಅಂತ ಒಳಗೆ ಹೋದಳು.

ಗೇಟಿನ ವಾಚ್‌ಮನ್ ನನ್ನನ್ನೇ ನೋಡುತ್ತಿದ್ದ. ಅಕ್ಷರವನ್ನೇ ನಂಬಿ ಬದುಕಿದವಳು ನಾನು. ವಾರ ವಾರ ನಿಮಗೆ ನಿಷ್ಠುರವಾಗಿ ಬುದ್ಧಿ ಹೇಳುವವಳು. ನನ್ನದೇ ತಪ್ಪನ್ನು ಬರೆಯುವ ಹೊತ್ತಿಗೆ ವಾಕ್ಯದಲ್ಲಿ ‘ನಾನು’ ಅನ್ನುವ ಶಬ್ದಕ್ಕೇ ಜಾಗ ಸಿಗಲಿಲ್ಲ ನೋಡಿ.

ಎರಡನೇ ಪತ್ರ ಮರಾಠಿಯಲ್ಲಿ ಬರೆದೆ. ಐದೇ ಸಾಲು. ಮಹಾದೇವಿ ನೋಟ್ ಬರೆದಿದ್ದಳು. ಅದು ಹೀಗಿತ್ತು. ನಾನು ಬರೆದ ಪ್ರೋಗ್ರಾಮ್ ಅದನ್ನು ಅಳಿಸಿತು. ಮೀಟಿಂಗಿನಲ್ಲಿ ನಾನು ಪರೀಕ್ಷೆ ಮಾಡದೆ ಅವಳ ವಿರುದ್ಧ ಮಾತಾಡಿದೆ. ಅವಳ ತಪ್ಪು ಏನೂ ಇಲ್ಲ. ಕೆಳಗೆ ಸಹಿ, ಪೂರ್ತಿ ಹೆಸರು. ಒಂದು ಪ್ರತಿ ಅವಳಿಗೆ. ಒಂದು ಸಾಹೇಬರ ಟೇಬಲ್ ಮೇಲೆ.

ಈ ಸಲ ಅವಳು ವಾಪಸು ಕೊಡಲಿಲ್ಲ. ಥ್ಯಾಂಕ್ಸ್ ಅಂತಲೂ ಅನ್ನಲಿಲ್ಲ. ಯಾಕೆ ಅನ್ನಬೇಕು? ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಳು. ಆಮೇಲೆ ಒಂದು ಇಂಟರ್‌ವ್ಯೂಗೆ ಹೋಗಿದ್ದಾಳೆ. ಪತ್ರದ ಮೇಲೆ ಕಂಪನಿಯ ಸೀಲು-ಸಿಕ್ಕಾ ಯಾಕಿಲ್ಲ ಅಂತ ಕೇಳಿದರಂತೆ. ಫೋನ್ ಮಾಡುತ್ತೇವೆ ಅಂದಿದ್ದಾರೆ. ಇನ್ನೂ ಮಾಡಿಲ್ಲ. ಟೇಪ್ ಸುತ್ತುತ್ತಲೇ ಇದ್ದಾಳೆ.

ಎರಡನೇ ಪತ್ರ ಕೊಟ್ಟ ವಾರದ ಶುಕ್ರವಾರ ಸಾಹೇಬರು ಕರೆಸಿದರು. ಬಾಗಿಲು ಹಾಕಿಕೊಂಡರು. ಚಹಾ ತರಿಸಲಿಲ್ಲ. ಬಾಗಿಲಿನ ರಬ್ಬರ್ ಬಗ್ಗೆ ಕೇಳುತ್ತಾರೆ, ಹೊಡೆಯದ ಬೆಲ್ ಬಗ್ಗೆ ಕೇಳುತ್ತಾರೆ, ಕೊನೆಗೆ ಆ ಹುಡುಗಿ ಹೇಗಿದ್ದಾಳೆ ಅಂತಲಾದರೂ ಕೇಳುತ್ತಾರೆ ಅಂತ ಎಲ್ಲದಕ್ಕೂ ಉತ್ತರ ತಯಾರು ಮಾಡಿಕೊಂಡು ಹೋಗಿದ್ದೆ.

ನನ್ನ ಪತ್ರ ಎತ್ತಿ ಹಿಡಿದು ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮ್ಯಾಡಮ್, ಇದನ್ನ ಇನ್ನೂ ಯಾರ್ಯಾರು ಓದಿದ್ದಾರೆ?’