ಹೆರಿಗೆ ಕೋಣೆಯ 'ಎಂಪೂಖೆ'

ಕಲಾಯಿ ಹಾಕುತ್ತಿದ್ದ ಮಹಬೂಬ್ ತೀರಿಕೊಂಡ ಮೇಲೆ ಅವನ ಹೆಂಡತಿ ಅಜೀಜಾ ಗುಂಡ್ಲುಪೇಟೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದಳು. ರಕ್ತ, ಮಲಮೂತ್ರ, ನಾರುವ ಬಟ್ಟೆ ಯಾವುದಕ್ಕೂ ಅವಳು ಮೂಗು ಮುಚ್ಚಿದವಳಲ್ಲ. ಅವಳಿಗೆ ಹೇಸಿಗೆ ಹುಟ್ಟಿದ್ದು ಐವತ್ತಾರನೇ ಇಸವಿಯಲ್ಲಿ, ಸೂಟು ತೊಟ್ಟ ಅತಿಥಿಗಳು ಬಂದ ದಿನ.

ಹೆರಿಗೆ ನೋಡುತ್ತಿದ್ದ ಸಿಸ್ಟರ್ ಪಿಲಾರ್ ಸ್ಪೇನ್ ದೇಶದವರು. ಅವರ ಕನ್ನಡ ಅರೆಬರೆ. ಅವಸರವಾದರೆ ಅದೂ ಮರೆತು ತಮ್ಮ ಭಾಷೆಯಲ್ಲೇ 'ಎಂಪೂಖೆ' ಎಂದು ಕೂಗುತ್ತಿದ್ದರು. ಮುಕ್ಕಿ, ಮಗುವನ್ನು ನೂಕಿ ಎಂದರ್ಥ. ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತ ಅಜೀಜಾಳಿಗೆ ಆ ಮಾತನ್ನು ಬಿಡಿಸಿ ಹೇಳಿದರು: ಎಂ, ಪೂ, ಖೆ. ಒತ್ತು ನಡುವಿನ 'ಪೂ' ಮೇಲೆ. ಕೊನೆಯದು ಗಂಟಲಿನಿಂದ ಬರಬೇಕು. ಉರ್ದು ಮನೆಮಾತಿನ ಅಜೀಜಾಳಿಗೆ ಅದು 'ಖುದಾ' ಎನ್ನುವಾಗಿನ ಖ. ನರ್ಸ್ ಸುಂದ್ರಮ್ಮನ ಬಾಯಲ್ಲಿ ಅದು ಕಡೆಯವರೆಗೂ 'ಎಂಪೂಕೆ'ಯಾಗಿಯೇ ಉಳಿಯಿತು. ಬುಡದ ಮಾತು 'ಎಂಪೂಖ್'. ಅದಕ್ಕೆ 'ಎ' ಸೇರಿದರೆ ಮರ್ಯಾದೆ, 'ಆ' ಸೇರಿದರೆ ಮಕ್ಕಳಿಗೋ ಸಲಿಗೆಯವರಿಗೋ ಆಡುವ ಏಕವಚನ. ನೋವು ತಿನ್ನುವ ಹೆಂಗಸಿಗೆ ಮರ್ಯಾದೆ ಕೊಟ್ಟೇ ಹೇಳಬೇಕು ಎಂದಿದ್ದರು ಸಿಸ್ಟರ್. ಅದಕ್ಕಾಗಿ ಅಜೀಜಾ ಅವರನ್ನು ಬಹಳ ಮೆಚ್ಚಿಕೊಂಡಿದ್ದಳು.

ಅತಿಥಿಗಳು ಆಸ್ಪತ್ರೆಗೆ ದಾನ ಕೊಡುವ ಸ್ಪೇನಿನವರೇ. ಕಾಫಿ ಹೊತ್ತಿನಲ್ಲಿ ಸಿಸ್ಟರ್ ಅಜೀಜಾಳನ್ನು ಕರೆದು ಆ ಮಾತು ಹೇಳಿಸಿದರು. ಅತಿಥಿಗಳು ನಕ್ಕು ಚಪ್ಪಾಳೆ ತಟ್ಟಿದರು. ಮತ್ತೆ ಹೇಳಿಸಿದರು, ಬಿಡಿಬಿಡಿಯಾಗಿ ಹೇಳಿಸಿದರು. ಕೋತಿ ಕುಣಿಸಿದ ಹಾಗಾಯಿತು. ಅಜೀಜಾಳ ಬಾಯೊಳಗಿನ ಎಂಜಲು ಕಹಿಯಾಯಿತು.

ಅಷ್ಟರಲ್ಲಿ ತೆರಕಣಾಂಬಿಯಿಂದ ಹೆರಿಗೆಗೆ ಬಂದಿದ್ದ ಶಾಂತಮಲ್ಲಮ್ಮನಿಗೆ ನೋವು ಜೋರಾಗಿ ಸಿಸ್ಟರ್, ಅಜೀಜಾ ಇಬ್ಬರೂ ಒಳಗೆ ಓಡಿದರು. ದಪ್ಪನೆಯ ಅತಿಥಿಯೊಬ್ಬ ಸಿಗಾರು ಸೇದುತ್ತ ಹಿಂದೆಯೇ ಬಂದು, ಪರದೆ ಸರಿಸಿ, ಹಲ್ಲು ಕಿರಿಯುತ್ತ 'ಎಂಪೂಖಾ, ಎಂಪೂಖಾ' ಎಂದ. ಬೆತ್ತಲೆ ಕಾಲುಗಳ ಮೇಲೆ ಹೊಗೆ ಹರಡಿತು. ಸಿಸ್ಟರ್ ತಲೆ ತಗ್ಗಿಸಿದರೇ ಹೊರತು ಏನೂ ಅನ್ನಲಿಲ್ಲ.

ಅಜೀಜಾ ನೆತ್ತರು ಮೆತ್ತಿದ ಕೈಯನ್ನು ಅವನ ಎದೆಗಿಟ್ಟು ಹೊರಕ್ಕೆ ನೂಕಿ ಬಾಗಿಲು ಹಾಕಿದಳು.

"ಈಗ ಯಾರೂ ಇಲ್ಲ ಕಣವ್ವ, ಮುಕ್ಕಿ" ಎಂದಳು ಶಾಂತಮಲ್ಲಮ್ಮನಿಗೆ. ಹೆಣ್ಣುಮಗು ಹುಟ್ಟಿತು.

ಸಂಜೆ ಸಿಸ್ಟರ್ ಬಂದು, ಅವರು ದೊಡ್ಡವರು, ಹೋಗಿ ಕ್ಷಮೆ ಕೇಳು ಎಂದರು.

"ಅವನ್ಗಿಂತ ನಿಮ್ಮ ಮೊಕ ನೋಡುದ್ರೇ ನಂಗೆ ವಾಕರ್ಕೆ ಬತ್ತದೆ ಸಿಸ್ಟರಮ್ಮ" ಎಂದಳು ಅಜೀಜಾ.

ಆಸ್ಪತ್ರೆಯ ಬಿಳಿ ಸೀರೆ ಮಡಿಸಿಟ್ಟು ಚಾಮರಾಜನಗರದ ಬಸ್ಸು ಹತ್ತಿದಳು. ಅಲ್ಲಿ ತಂಗಿ ನಾಸಿರಾಳ ಮನೆಯಲ್ಲಿದ್ದುಕೊಂಡು, ಕರೆದವರ ಮನೆಗೆ ಹೋಗಿ ಹೆರಿಗೆ ಮಾಡಿಸಿ ಬದುಕಿದಳು. ಎಂಥ ಸಿರಿವಂತರ ಮನೆಯಾದರೂ ಗಂಡಸರನ್ನೆಲ್ಲ ಮೊದಲು ಬೀದಿಗೆ ಕಳಿಸಿ, ಆಮೇಲೆಯೇ ಕೈ ತೊಳೆಯುತ್ತಿದ್ದಳು.