ಬಾಗಿಲಲ್ಲಿ ಕೆಮ್ಮುವುದನ್ನು ಕಲಿತದ್ದು

ಚಳ್ಳಕೆರೆಗೆ ಬಂದ ಒಂಬತ್ತನೆಯ ದಿನ, ನಾನು ಬದುಕಿದ್ದೇನೋ ಇಲ್ಲವೋ ಎಂಬ ಸಂಶಯ ನನಗೇ ಬಂತು. ಅಂದು ಮಗಳು ಗಂಗಮ್ಮನ ಮನೆಯಲ್ಲಿ ಅವಳ ಕೂಸಿನ ನಾಮಕರಣ. ಕೂಸಿನ ತಾಯಿಯ ತಂದೆ ನಾನು. ಜಮಖಾನದ ಮೇಲೆ ಗಂಡಸರ ಸಾಲಿನಲ್ಲಿ ಕೂತಿದ್ದೆ. ಎಲೆ ಅಡಿಕೆಯ ತಟ್ಟೆ ಬಲಗಡೆಯವರ ಮುಂದೆ ನಿಂತಿತು, ನನ್ನ ಮೂಗಿನ ಕೆಳಗೇ ಹಾದು ಎಡಗಡೆಯವರ ಮುಂದೆ ನಿಂತಿತು. ತಟ್ಟೆ ಹಿಡಿದವರು ಬೇರೆ ಯಾರೂ ಅಲ್ಲ, ನನ್ನ ಬೀಗರು ತಿಪ್ಪಣ್ಣನವರು. ಬೇಕೆಂದೇ ಅವಮಾನ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಅವರಿಗೆ ನಾನು ಅಲ್ಲಿರುವುದೇ ಕಂಡಿರಲಿಲ್ಲ.

ಇದನ್ನು ಓದುವ ಮೊಳಕಾಲ್ಮೂರಿನ ನಮ್ಮ ಮಗ್ಗದ ಬೀದಿಯವರಿಗೆ ನಗು ಬಂದೀತು. ನಲವತ್ತು ವರ್ಷ ರೇಷ್ಮೆ ನೇಯ್ದವನು ನಾನು. ಐವತ್ತೈದಕ್ಕೆ ಎಳೆ ಕಾಣದಷ್ಟು ಕಣ್ಣು ಮಂಜಾಯಿತು, ಹೆಂಡತಿಯೂ ಹೋದಳು. ಎರಡು ದಿನ ಗಾಡಿಯಲ್ಲಿ ಕುಲುಕಿಸಿಕೊಂಡು ಮಗಳ ಮನೆ ಸೇರಿದೆ. ಒಂದು ವೀಳ್ಯದೆಲೆ ತಪ್ಪಿದ್ದಕ್ಕೆ ಅಳುವ ಜಾತಿ ನಾನಲ್ಲ. ಅತ್ತವಳು ಗಂಗಮ್ಮ. ಮದುವೆಯಾಗಿ ಬಂದ ಮೇಲೆ ಅವಳು ನನ್ನೊಡನೆಯೂ ಕನ್ನಡದಲ್ಲೇ ಮಾತಾಡುತ್ತಾಳೆ. ನಮ್ಮ ಮನೆಯ ತೆಲುಗು ಕಿವಿಗೆ ಬಿದ್ದರೆ ಅವಳ ಅತ್ತೆ ಮುಖ ಗಂಟಿಕ್ಕುತ್ತಾರೆ.

"ಅಪ್ಪಾ, ನಿನ್ನ ಬಿಟ್ಟು ಎಲೆ ಕೊಟ್ಟಿದ್ದು ಹೆಂಗಸ್ರೆಲ್ಲಾ ನೋಡ್ಯಾರೆ," ಎಂದಳು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ. "ತೌರುಮನೆಗೆ ಬೆಲೆ ಇಲ್ದೋಳು ಅಂತ ಇನ್ಮ್ಯಾಲೆ ಯಾರ್ ಬೇಕಾದ್ರೂ ನನ್ನ ತುಳೀತಾರೆ."

"ನಾನೇನ್ ಮಾಡ್ಲವ್ವಾ? ಅಲ್ಲೇ ಕುಂತಿದ್ನಲ್ಲ."

"ಕುಂತ್ರೆ ಸಾಲ್ದು. ಬಂದಿದ್ದು ನಾಕು ಜನಕ್ಕೆ ಗೊತ್ತಾಗ್ಬೇಕು. ನೀನು ಬೆಕ್ಕು ಬಂದಂಗೆ ಬರ್ತೀಯ. ಬಾಗ್ಲಾಗೆ ನಿಂತು ಒಂದ್ಸಲ ಜೋರಾಗಿ ಕೆಮ್ಮಿ ಬಾ."

ನನಗೆ ಮೈ ಉರಿಯಿತು. ನಮ್ಮ ಬೀದಿಯಲ್ಲಿ ಯಾರು ಬಂದರೂ ಯಾರೂ ತಲೆ ಎತ್ತುವುದಿಲ್ಲ. ಎತ್ತುವ ಹಾಗೂ ಇಲ್ಲ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವನು ನಡುವೆ ಕೈ ತಡೆದರೆ, ಮತ್ತೆ ಶುರು ಮಾಡಿದ ಕಡೆ ಸೀರೆಗೆ ಅಡ್ಡಗೆರೆ ಬೀಳುತ್ತದೆ. ನನ್ನಣ್ಣ ಹನುಮಂತಪ್ಪನ ಮಗ್ಗವಂತೂ ಹೊತ್ತುಗೊತ್ತಿಲ್ಲದೆ ನಿಂತದ್ದನ್ನು ನಾನು ಕಂಡಿಲ್ಲ. ನಾನು ಹೊಸಿಲು ದಾಟಿದರೆ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು, ಲಾಳಿ ಎಸೆಯುತ್ತಲೇ "ಕೂಚೋರಾ" ಎನ್ನುತ್ತಿದ್ದ. ಕೂತುಕೊಳ್ಳೋ ಎಂದು ಅರ್ಥ. ಅಷ್ಟೇ ನಮ್ಮ ಸತ್ಕಾರ. ನೋಡದೇ ಇರುವುದು ಅಲ್ಲಿ ಸಲಿಗೆ. ಇಲ್ಲಿ ನೋಡದೇ ಇದ್ದರೆ ನೀವು ಲೆಕ್ಕಕ್ಕಿಲ್ಲ ಎಂದು ತಿಳಿಯಬೇಕು.

ಅಮಲ್ದಾರರ ಕಚೇರಿ ಇರುವುದಕ್ಕೋ ಏನೋ, ಚಳ್ಳಕೆರೆಯವರಿಗೆ ಬರುವುದೇ ಒಂದು ಕಸುಬು. ಕಂಬಳಿ ವ್ಯಾಪಾರದ ಚನ್ನಬಸಪ್ಪನವರು ನನ್ನ ಅಳಿಯನ ಜವಳಿ ಅಂಗಡಿಗೆ ಬರುವುದನ್ನು ನೋಡಬೇಕು. ಮೊದಲು ಚಪ್ಪಲಿಯನ್ನು ಕಲ್ಲಿಗೆ ಎರಡು ಸಲ ಬಡಿಯುತ್ತಾರೆ. ಆಮೇಲೆ ಹೊಟ್ಟೆಯ ಆಳದಿಂದ ಒಂದು ಕೆಮ್ಮು. ಇಲ್ಲದ ದೂಳನ್ನು ಶಲ್ಯದಿಂದ ಕೊಡವುತ್ತಾರೆ. ಒಳಗಿನವರು ನಾಲ್ಕು ಜನ ಎದ್ದು "ಬರ್ರಿ, ಬರ್ರಿ" ಎನ್ನುವ ತನಕ "ಇಲ್ಲೇ ಕುಂತ್ಕಂತೀನಿ ಬಿಡ್ರಪ್ಪಾ" ಎನ್ನುತ್ತಾ ನಿಂತೇ ಇರುತ್ತಾರೆ. ಇಷ್ಟೆಲ್ಲ ಆಗಿ, ಒಳಗೆ ಬಂದು, ದಿಂಬಿಗೆ ಒರಗಿ, ಇಡೀ ಜಗಲಿ ಬಾಯಿ ಬಿಟ್ಟು ಕಾಯುತ್ತಿರುವಾಗ ಆ ಮಹಾನುಭಾವರು ಹೇಳುವುದು ಇಷ್ಟು: "ಬಿಸ್ಲು ಜೋರೈತೆ."

ಊಟದ್ದೂ ಇದೇ ಕಥೆ. ಇಲ್ಲಿ ಮೂರು ಸಲ ಕರೆಯುತ್ತಾರೆ. ಎರಡು ಸಲ ಬೇಡವೆಂದು ಮೂರನೆಯದಕ್ಕೆ, ಕರೆದವರಿಗೆ ಉಪಕಾರ ಮಾಡುವವರ ಹಾಗೆ ಏಳಬೇಕು. ನನಗೆ ಯಾರೂ ಹೇಳಿರಲಿಲ್ಲ. ಹಸಿವಾಗಿತ್ತು, ಮೊದಲನೇ ಕರೆಗೇ ಎದ್ದುಬಿಟ್ಟೆ. ಬೀಗಿತ್ತಿ ಸೆರಗಿನಲ್ಲಿ ನಕ್ಕದ್ದನ್ನು ನನ್ನ ಮಂಜುಗಣ್ಣೂ ಕಂಡಿತು. ಮೊಳಕಾಲ್ಮೂರಿನಲ್ಲಿ ಹಸಿದವನ ಮುಂದೆ ತಟ್ಟೆ ಇಡುತ್ತಾರೆ, ಮುಗಿಯಿತು.

ಆದರೂ ಕಲಿತೆ. ನನಗಾಗಿ ಅಲ್ಲ, ಗಂಗಮ್ಮನಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಗ್ಗೆ ಹಿತ್ತಲಿಗೆ ಹೋಗಿ ಕೆಮ್ಮುತ್ತಿದ್ದೆ. ಮೊದಮೊದಲು ನಿಜವಾದ ಕೆಮ್ಮೇ ಬಂದು ಕಣ್ಣಲ್ಲಿ ನೀರು ತುಂಬುತ್ತಿತ್ತು. ಒಂದು ದಿನ ಕೊಟ್ಟಿಗೆಯ ಎಮ್ಮೆ ಮೇವು ಬಿಟ್ಟು ತಿರುಗಿ ನೋಡಿತು. ಈ ಊರಿನಲ್ಲಿ ನನ್ನ ಮೊದಲ ಗೆಲುವು ಅದು. ಚಪ್ಪಲಿ ಬಡಿಯುವುದು, ಶಲ್ಯ ಕೊಡವುವುದು ಸುಲಭ. ಕಷ್ಟವಾದದ್ದು ಕರೆಯುವ ತನಕ ನಿಲ್ಲುವುದು. ಹುಟ್ಟಿದಂದಿನಿಂದ ಯಾರ ಬಾಗಿಲಲ್ಲೂ ನಿಂತವನಲ್ಲ, ಕಾಲು ತಾನಾಗಿ ಒಳಕ್ಕೆ ನಡೆದುಬಿಡುತ್ತಿತ್ತು.

ಒಂದು ವರ್ಷ ಕಳೆದ ಮೇಲೆ ತಿಪ್ಪಣ್ಣನವರ ದಾಯಾದಿಗಳ ಗೃಹಪ್ರವೇಶ ಬಂತು. ಕೆಂಪು ರುಮಾಲು ಸುತ್ತಿ ಹೋದೆ. ಬಡಿದೆ, ಕೆಮ್ಮಿದೆ, ಕೊಡವಿದೆ, ನಿಂತೆ. ತಿಪ್ಪಣ್ಣನವರೇ ಎದ್ದರು.

"ಬರ್ರಿ ಬೀಗ್ರೇ, ಬರ್ರಿ! ಲೇ, ಜಾಗ ಬಿಡ್ರಲೇ, ಮೊಳಕಾಲ್ಮೂರೋರು ಬಂದ್ರು!"

ಎಲೆಯ ತಟ್ಟೆ ಚನ್ನಬಸಪ್ಪನವರ ಮುಂದೆ ನಿಂತಿತು, ಅದಾದ ಮೇಲೆ ನನ್ನ ಮುಂದೆ. ವರ್ಷದ ಹಿಂದೆ ಇದ್ದ ಮುದುಕನೇ ನಾನು. ಹೆಚ್ಚಾಗಿದ್ದದ್ದು ಒಂದು ಕೆಮ್ಮು. ಅಷ್ಟಕ್ಕೆ ಮೋಸಹೋಗುವ ಇವರನ್ನು ಕಂಡು ಹೇಸಿಗೆಯಾಗಬೇಕಿತ್ತು. ಆಯಿತು ಕೂಡ. ಹೆಂಗಸರ ಸಾಲಿನಿಂದ ಗಂಗಮ್ಮ ನನ್ನನ್ನು ನೋಡಿ ಕತ್ತು ನೆಟ್ಟಗೆ ಮಾಡಿ ಕೂತಳು. ನನಗೆ ಹಿಗ್ಗೂ ಆಯಿತು, ಸುಳ್ಳೇಕೆ ಹೇಳಲಿ. ಕಂಬದ ಪಕ್ಕದಲ್ಲಿ ಯಾವನೋ ಸಣಕಲು ಮುದುಕ ಕೂತಿದ್ದ. ತಟ್ಟೆ ಅವನನ್ನು ದಾಟಿ ಹೋಯಿತು. ನಾನು ಕಂಡೆ. ಕಂಡೂ ಎಲೆ ಜಗಿಯುತ್ತಾ ಕೂತೆ. ಅಂದಿನಿಂದ ಚಳ್ಳಕೆರೆಯವರನ್ನು ಬೈಯುವಾಗ ನನ್ನನ್ನೂ ಸೇರಿಸಿಯೇ ಬೈದುಕೊಳ್ಳುತ್ತೇನೆ.

ಮೊನ್ನೆ ಯುಗಾದಿ ಮುಗಿಸಿಕೊಂಡು ಊರಿಗೆ ಹೋದೆ. ಗುಡ್ಡದ ಬಂಡೆಗಳು ಕಂಡಾಗಲೇ ಎದೆ ಹಗುರಾಯಿತು. ನಮ್ಮ ಬೀದಿ ಹೊಕ್ಕರೆ ಮಗ್ಗಗಳ ಸದ್ದು. ಕಣ್ಣು ಮುಚ್ಚಿಕೊಂಡೇ ಇದು ಇಂಥವರದು ಎಂದು ಹೇಳಬಲ್ಲೆ. ಅಣ್ಣನ ಮಗ್ಗ ದೂರದಿಂದಲೇ ಕೇಳಿಸಿತು. ಇನ್ನು ಯಾರ ಮುಂದೆಯೂ ವೇಷ ಹಾಕಬೇಕಿಲ್ಲ ಎಂದುಕೊಂಡು ಬಾಗಿಲಿಗೆ ಬಂದೆ. ಚಪ್ಪಲಿ ಬಿಡಲು ಹೋದೆ. ಹೇಗಾಯಿತೋ ತಿಳಿಯದು, ಕಾಲು ತಾನಾಗಿ ಅದನ್ನು ಕಲ್ಲಿಗೆ ಎರಡು ಸಲ ಬಡಿಯಿತು. ಗಂಟಲು ಕೆಮ್ಮಿತು. ಕೈ ಶಲ್ಯ ಕೊಡವಿತು.

ಮಗ್ಗ ನಿಂತಿತು.

"ಬರ್ರಿ ಸಾವ್ಕಾರ್ರೇ, ಬರ್ರಿ," ಎಂದ ಅಣ್ಣ ಕುಣಿಯಿಂದ ಮೇಲೇಳುತ್ತಾ, ಕನ್ನಡದಲ್ಲಿ. ಸೀರೆ ಕೊಳ್ಳಲು ಬಂದವರೊಡನೆ ನಾವು ಆಡುವ ಕನ್ನಡ ಅದು. ಒಳಗಿನ ಅತ್ತಿಗೆಗೂ ಕೂಗಿದ. "ಚಾಪೆ ಹಾಕು, ಯಾರೋ ದೊಡ್ಡೋರು ಬಂದಾರೆ."

"ನೇನೇ ಅನ್ನಾ," ಎಂದೆ. ನಾನೇ ಕಣೋ ಅಣ್ಣ ಎಂದು.

ಅವನು ನನ್ನ ರುಮಾಲು ನೋಡಿದ, ಶಲ್ಯ ನೋಡಿದ. ಆಮೇಲೆ ಬಗ್ಗಿ ಸೀರೆಯಲ್ಲಿ ಕೈ ತಡೆದ ಜಾಗಕ್ಕೆ ಹೆಬ್ಬೆರಳು ಒತ್ತಿ ಸವರಿದ. ಅಷ್ಟರಲ್ಲಿ ಅತ್ತಿಗೆ ಚಾಪೆ ಹಾಸಿ ಆಗಿತ್ತು. "ಕೂಚೋರಾ" ಎನ್ನುತ್ತಾನೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಅನ್ನಲಿಲ್ಲ, ಕೂತೆ. ಅಣ್ಣ ಎದುರಿಗೆ ಬರಿ ನೆಲದ ಮೇಲೆ ಕೈ ಕಟ್ಟಿ ಕೂತ. ಮಳೆ ಬೆಳೆ ವಿಚಾರಿಸಿದ, ಗಂಗಮ್ಮನ ಕೂಸನ್ನು ವಿಚಾರಿಸಿದ, ಎಲೆ ಅಡಿಕೆಯ ತಟ್ಟೆಯನ್ನು ತಾನೇ ತಂದು ನನ್ನ ಮುಂದಿಟ್ಟ. ನಾನು ಅಲ್ಲಿದ್ದಷ್ಟು ಹೊತ್ತೂ ಮಗ್ಗದ ಕಡೆ ತಿರುಗಲಿಲ್ಲ.

ಇನ್ನಷ್ಟು ಕೂತರೆ ಅವನ ಇಡೀ ದಿನದ ನೇಯ್ಗೆ ಕೆಡುತ್ತದೆ ಎಂದು ಬೇಗನೆ ಎದ್ದೆ. ನಾನು ಬೀದಿಯ ತುದಿ ಮುಟ್ಟಿದ ಮೇಲೆ ಅವನ ಮಗ್ಗದ ಸದ್ದು ಮತ್ತೆ ಶುರುವಾಯಿತು.