ಯಾವ ಲೈನಿನವರು?

2018ರಲ್ಲಿ ನಾನು ಮಾದಾಪುರದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಆ ಜನವರಿಯಲ್ಲಿ ಊರಿನ ಯುವಕರು ಹುಡುಗಿಯರ ಹಾಕಿ ಪಂದ್ಯಾವಳಿ ಇಟ್ಟಿದ್ದರು. ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತುವ ಡ್ರಾ ವಿಚಾರದಲ್ಲಿ ಮುನಿಸಿಕೊಂಡು ಎರಡು ಶಾಲೆಗಳು ಹಿಂದೆ ಸರಿದವು. ಕೊನೇ ಗಳಿಗೆಯಲ್ಲಿ ನಮಗೆ ಕರೆ ಬಂತು.

ಪೂರ್ತಿ ತಂಡವೇ ಇಲ್ಲ, ಸ್ಟಿಕ್ಕುಗಳೂ ಸಾಲದು. ಹುಡುಗಿಯರಿಗೆ ಧೈರ್ಯ ತುಂಬಲು ನನ್ನ ಹಳೆಯ ಕಥೆ ತೆಗೆದೆ. 1980ರ ಏಪ್ರಿಲ್‌ನಲ್ಲಿ ಬಿಳಿಯರ ಆಳ್ವಿಕೆ ಮುಗಿದು ಜಿಂಬಾಬ್ವೆ ಸ್ವತಂತ್ರವಾಯಿತು. ಅದೇ ವರ್ಷ ಅನೇಕ ದೇಶಗಳು ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿದ್ದರಿಂದ ಜಿಂಬಾಬ್ವೆಯ ಮಹಿಳಾ ಹಾಕಿ ತಂಡಕ್ಕೆ ಕರೆ ಹೋಯಿತು. ತರಾತುರಿಯಲ್ಲಿ ಕಟ್ಟಿದ ಆ ತಂಡ ಜುಲೈನಲ್ಲಿ ಚಿನ್ನ ಗೆದ್ದಿತು. ನಮ್ಮ ಭಾರತಕ್ಕೆ ನಾಲ್ಕನೇ ಸ್ಥಾನ.

ಗೋಲ್‌ಕೀಪರ್ ಸೆಲ್ವಿ ಕೈ ಎತ್ತಿದಳು. "ಆ ಟೀಮಲ್ಲಿ ಕಪ್ಪುಜನ ಎಷ್ಟು ಮಂದಿ ಇದ್ರು ಸಾರ್?"

"ಒಬ್ಬರೂ ಇರಲಿಲ್ಲ."

"ಮತ್ತೆ ದೇಶ ಅವರದ್ದೇ ಅಲ್ವಾ?"

ವರ್ಷಗಟ್ಟಲೆ ಹೇಳಿದ ಕಥೆ. ಯಾರೂ ಹೀಗೆ ಕೇಳಿರಲಿಲ್ಲ. ಎಲ್ಲರನ್ನೂ ಮೈದಾನ ಸುತ್ತಲು ಓಡಿಸಿದೆ. ಪ್ರಶ್ನೆ ಮಾತ್ರ ನನ್ನ ಬೆನ್ನು ಬಿಡಲಿಲ್ಲ.

ಸೆಲ್ವಿ ಎಸ್ಟೇಟ್ ಲೈನಿನ ಹುಡುಗಿ. ಲೈನ್ ಎಂದರೆ ತೋಟದ ಕಾರ್ಮಿಕರ ಸಾಲುಮನೆ. ಕ್ರೀಡಾ ಹಾಸ್ಟೆಲ್‌ನವರು ಆಯ್ಕೆ ಶಿಬಿರದಲ್ಲಿ ಅವಳ ಆಟ ನೋಡಿ ಸೀಟು ಕೊಡಲು ಒಪ್ಪಿದ್ದರು. ತಾಯಿಯ ಒಪ್ಪಿಗೆಯೊಂದೇ ಬಾಕಿ. ತಾಯಿ ಮಾರಿಯಮ್ಮನಿಗೋ ಮಗಳು ತನ್ನ ಜೊತೆ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್‌ಗೆ ಬಂದರೆ ಸಾಕು. ನಾನು ಲೈನಿಗೆ ಮೂರು ಸಲ ಹೋಗಿ ಕಾಡಿದ ಮೇಲೆ, "ಒಂದ್ ಮ್ಯಾಚ್ ನೋಡ್ತೀನಿ ಸಾರ್. ಆಮೇಲೆ ಹೇಳ್ತೀನಿ" ಎಂದಿದ್ದರು.

ಪಂದ್ಯದ ದಿನ ಮಾರಿಯಮ್ಮ ಕೆಲಸ ಬಿಟ್ಟು, ಅಕ್ಕಪಕ್ಕದ ಮನೆಯ ಹೆಂಗಸರನ್ನೂ ಕರೆದುಕೊಂಡು ಬಂದು ಮರದ ಕೆಳಗೆ ಕೂತರು. ಊರಿನ ಗಂಡಸರು ಕುರ್ಚಿ ಎಳೆದುಕೊಂಡು ಮೈದಾನದ ಅಂಚಿನ ಸುಣ್ಣದ ಗೆರೆಯ ಮೇಲೆಯೇ ಕೂತಿದ್ದರು. ದ್ವಿತೀಯಾರ್ಧದಲ್ಲಿ ಮೈಕಿನವನು ಕೂಗಿದ: "ಲೈನಿನವರು ಎದ್ದು ಹೊರಗೆ ಹೋಗಿ. ಆಟಕ್ಕೆ ತೊಂದರೆ ಆಗ್ತಾ ಉಂಟು."

ಗೆರೆಯ ಮೇಲಿದ್ದವರು ಕದಲಲಿಲ್ಲ. ಎದ್ದದ್ದು ಮರದ ಕೆಳಗಿದ್ದ ಹೆಂಗಸರು. ಬುತ್ತಿ ಚೀಲ ಎತ್ತಿಕೊಂಡು ಗೇಟಿನ ಕಡೆ ನಡೆದರು. ಮಾರಿಯಮ್ಮ ಗೇಟು ದಾಟಿದರೆ ಹಾಸ್ಟೆಲ್ ಕಥೆ ಮುಗಿದಂತೆ. ನಾನು ಓಡಲು ಎದ್ದೆ. ಅಷ್ಟರಲ್ಲಿ ಸೆಲ್ವಿ ಹೆಲ್ಮೆಟ್ ಕಿತ್ತು, ಕಾಲಿನ ಪ್ಯಾಡು ದಡಬಡ ಎನ್ನಿಸುತ್ತಾ ಗೋಲು ಬಿಟ್ಟು ಓಡಿ ಬಂದಳು.

"ಗೋಲಿಗೆ ಹೋಗೇ" ಎಂದು ಗದರಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

"ಅಮ್ಮಾ, ಅವ್ರು ಹೇಳಿದ್ದು ಸುಣ್ಣದ ಲೈನು. ನಮ್ಮ ಲೈನಲ್ಲ. ಬಂದು ಕೂತ್ಕೋ."

ಹೆಂಗಸರು ಮತ್ತೆ ಮರದ ಕಡೆ ತಿರುಗಿದರು. ಅವಳ ಬೆನ್ನ ಹಿಂದೆ ಚೆಂಡು ಖಾಲಿ ಗೋಲಿನೊಳಗೆ ಹೋಯಿತು. ಅದೊಂದೇ ಗೋಲಿನಿಂದ ನಾವು ಸೋತೆವು. ನನಗೆ ಸಿಟ್ಟು ನೆತ್ತಿಗೇರಿತ್ತು, ಅವಳ ಮೇಲೋ ಮೈಕಿನ ಮೇಲೋ ತಿಳಿಯದು.

ಪಂದ್ಯ ಮುಗಿದ ಮೇಲೆ ಮಾರಿಯಮ್ಮ ಬಂದರು. "ಗೋಲು ನನ್ನಿಂದ ಹೋಯ್ತಾ ಸಾರ್?"

ನಾನು ಬಗ್ಗಿ ಸ್ಟಿಕ್ಕುಗಳನ್ನು ಒಟ್ಟುಮಾಡತೊಡಗಿದೆ. ಅವರೇ ಮಾತು ಮುಂದುವರಿಸಿದರು.

"ಹಾಸ್ಟೆಲ್‌ಗೆ ಕಳಿಸ್ತೀನಿ. ಆದ್ರೆ ಮ್ಯಾಚ್ ಇದ್ದಾಗ ನಂಗೂ ಹೇಳ್ಬೇಕು. ಇನ್ಮೇಲೆ ಗೋಲ್ ಹಿಂದೇನೇ ಕೂರ್ತೀನಿ. ಅವ್ಳು ನನ್ನ ಹುಡುಕ್ಕೊಂಡು ಓಡೋದು ಬೇಡ."

ನಿವೃತ್ತನಾದ ಮೇಲೂ ಮಕ್ಕಳು ಸಿಕ್ಕರೆ ಜಿಂಬಾಬ್ವೆಯ ಕಥೆ ಹೇಳುತ್ತೇನೆ. ಆ ಚಿನ್ನ ಸುಳ್ಳಲ್ಲ, ಆ ಸ್ವಾತಂತ್ರ್ಯವೂ ಸುಳ್ಳಲ್ಲ. ಆದರೆ ಈಗ ಸೆಲ್ವಿಯ ಪ್ರಶ್ನೆಯನ್ನು ಮೊದಲು ಕೇಳಿ, ಆಮೇಲೆ ಕಥೆಗೆ ಬರುತ್ತೇನೆ. ಎದ್ದು ಹೋಗಿ ಎಂದಾಗ ಯಾರು ಏಳುತ್ತಾರೆ, ಯಾರು ಕೂತೇ ಇರುತ್ತಾರೆ ಎಂದು ನೋಡುವುದೂ ತರಬೇತುದಾರನ ಕೆಲಸ. ನನಗೆ ಅದನ್ನು ಕಲಿಸಿದ್ದು ಸೋತ ಆ ಪಂದ್ಯ.